ಒಂದು ನಿಮಿಷದ ಉಸಿರು, ಎರಡು ಸಾವಿರ ವರ್ಷದ ಮದ್ದು

ಆರು ತಿಂಗಳು ದಾಟಿದ ಕೆಲವು ಮಕ್ಕಳಲ್ಲಿ ಹೆತ್ತವರ ಜೀವ ಬಾಯಿಗೆ ಬರುವಂಥ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಬಿದ್ದು ಪೆಟ್ಟಾದಾಗಲೋ, ಕೈಯಲ್ಲಿದ್ದುದನ್ನು ಯಾರಾದರೂ ಕಿತ್ತುಕೊಂಡಾಗಲೋ ಮಗು ಜೋರಾಗಿ ಅಳಲು ತೊಡಗುತ್ತದೆ. ಎರಡು ಮೂರು ಸಲ ಅತ್ತ ಮೇಲೆ ದನಿಯೇ ಹೊರಡುವುದಿಲ್ಲ. ಬಾಯಿ ತೆರೆದೇ ಇರುತ್ತದೆ, ಹೊರಗೆ ಹೋದ ಉಸಿರು ಒಳಗೆ ಬರುವುದಿಲ್ಲ. ತುಟಿ ನೀಲಿಗಟ್ಟುತ್ತದೆ, ಮುಖ ಕಪ್ಪಿಡುತ್ತದೆ, ಕಣ್ಣುಗುಡ್ಡೆ ಮೇಲಾಗುತ್ತದೆ, ಮೈ ಸೆಟೆದುಕೊಳ್ಳುತ್ತದೆ ಇಲ್ಲವೆ ಪೂರ್ತಿ ಸಡಿಲವಾಗುತ್ತದೆ. 'ಅಳು ಕಟ್ಟಿತು', 'ಉಸಿರು ಕಟ್ಟಿತು', 'ಮಗು ಅತ್ತು ಕಂದಿಹೋಯಿತು' ಎಂದು ನಮ್ಮ ಮನೆಗಳಲ್ಲಿ ಹೇಳುವುದು ಇದನ್ನೇ. ಇನ್ನು ಕೆಲವು ಮಕ್ಕಳಲ್ಲಿ ನೀಲಿ ಕಾಣುವುದೇ ಇಲ್ಲ. ತಲೆಗೆ ಸಣ್ಣ ಪೆಟ್ಟು ಬಿದ್ದರೆ, ಬೆಚ್ಚಿಬಿದ್ದರೆ ಮಗು ಅಳುವುದಕ್ಕೂ ಮೊದಲೇ ಸುಣ್ಣದ ಬಣ್ಣಕ್ಕೆ ತಿರುಗಿ ಕುಸಿಯುತ್ತದೆ. ಎರಡರಲ್ಲೂ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನಾಗಿ ಮರಳುತ್ತದೆ, ಬಣ್ಣ ತಿಳಿಯಾಗುತ್ತದೆ, ಮಗು ತುಸು ಹೊತ್ತು ಮಂಕಾಗಿದ್ದು ಮತ್ತೆ ಆಟಕ್ಕೆ ಇಳಿಯುತ್ತದೆ. ಐದಾರು ವರ್ಷ ತುಂಬುವ ಹೊತ್ತಿಗೆ ಈ ಉಪದ್ರವ ಬಹುಮಟ್ಟಿಗೆ ಎಲ್ಲರಲ್ಲೂ ಮಾಯವಾಗಿರುತ್ತದೆ.

ತಾನಾಗಿ ಬಂದು ತಾನಾಗಿ ಹೋಗುವ ಈ ಗುಣವೇ ಇದರ ಚರಿತ್ರೆಯನ್ನೆಲ್ಲ ರೂಪಿಸಿದೆ ಎಂಬುದು ನನ್ನ ವಾದ. ಉಸಿರು ಕಟ್ಟಿದ ಮಗುವಿನ ಮುಂದೆ ಸುಮ್ಮನೆ ನಿಲ್ಲುವುದು ಯಾರಿಂದಲೂ ಆಗದು. ಯಾರೋ ಬೆನ್ನು ತಟ್ಟುತ್ತಾರೆ, ಯಾರೋ ಮುಖಕ್ಕೆ ನೀರೆರಚುತ್ತಾರೆ, ಯಾರೋ ಮಂತ್ರ ಹೇಳುತ್ತಾರೆ. ಒಂದು ನಿಮಿಷ ಕಳೆಯುವುದರೊಳಗೆ ಮಗು ಉಸಿರೆಳೆದುಕೊಳ್ಳುತ್ತದೆ, ಆ ಕ್ಷಣದಲ್ಲಿ ಯಾರ ಕೈ ಮಗುವಿನ ಮೇಲಿತ್ತೋ ಆ ಕೈಗೆ ಕೀರ್ತಿ ಸಲ್ಲುತ್ತದೆ. ವರ್ಷಗಳ ಲೆಕ್ಕದಲ್ಲೂ ನಡೆಯುವುದು ಇದೇ. ಮೂರು ವರ್ಷ ಏನನ್ನೇ ಮಾಡುತ್ತ ಬಂದರೂ ಕೊನೆಗೆ ಕಾಯಿಲೆ ನಿಲ್ಲುತ್ತದೆ, ಕೊನೆಯಲ್ಲಿ ಮಾಡಿದ್ದು ಮದ್ದೆನಿಸಿಕೊಳ್ಳುತ್ತದೆ. ಹೀಗೆ ಈ ಒಂದು ತೊಂದರೆಯ ಸುತ್ತ ದೇವತೆಗಳಿಗೆ, ಹಲ್ಲುಗಳಿಗೆ, ಒಂದು ಗ್ರಂಥಿಗೆ, ತಾಯಂದಿರ ಸ್ವಭಾವಕ್ಕೆ ಸರದಿಯಂತೆ ಆರೋಪ ಹೊರಿಸಲಾಯಿತು. ಪ್ರತಿ ಆರೋಪದ ಜೊತೆಗೊಂದು ಚಿಕಿತ್ಸೆ ಬಂತು. ಪ್ರತಿ ಚಿಕಿತ್ಸೆಗೂ ಸಾಕ್ಷಿ ಹೇಳಲು ಗುಣವಾದ ಮಕ್ಕಳಿದ್ದರು. ಕಾಯಿಲೆಗಿಂತ ಚಿಕಿತ್ಸೆ ಮಕ್ಕಳನ್ನು ಹೆಚ್ಚು ನೋಯಿಸಿದ ಉದಾಹರಣೆಗಳು ಈ ಚರಿತ್ರೆಯಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ.

ನಮ್ಮ ನೆಲದಿಂದಲೇ ಆರಂಭಿಸಬಹುದು. ಸುಶ್ರುತ ಸಂಹಿತೆಯ ಉತ್ತರತಂತ್ರ ಸ್ಕಂದ, ಸ್ಕಂದಾಪಸ್ಮಾರ, ಶಕುನಿ, ರೇವತಿ, ಪೂತನಾ, ಅಂಧಪೂತನಾ, ಶೀತಪೂತನಾ, ಮುಖಮಂಡಿಕಾ, ನೈಗಮೇಷ ಎಂಬ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ. ವಾಗ್ಭಟನಲ್ಲಿ ಅವು ಹನ್ನೆರಡಾಗುತ್ತವೆ. ಕನ್ನಡದಲ್ಲೂ ಸುಮಾರು 1200ರ ಹೊತ್ತಿಗೆ ದೇವೇಂದ್ರಮುನಿ 'ಬಾಲಗ್ರಹಚಿಕಿತ್ಸೆ' ಎಂಬ ಕೃತಿಯನ್ನೇ ಬರೆದ. ಮನುಷ್ಯವೈದ್ಯ, ಗೋವೈದ್ಯಗಳು ಕನ್ನಡಕ್ಕೆ ಬರುತ್ತಿದ್ದ ಆ ಕಾಲದಲ್ಲಿ ಮಕ್ಕಳ ಗ್ರಹಬಾಧೆಗೆ ಪ್ರತ್ಯೇಕ ಗ್ರಂಥ ಬೇಕೆನಿಸಿತ್ತು. ಈ ಗ್ರಹಗಳಲ್ಲಿ ಯಾವುದೋ ಒಂದು ನಾವಿಂದು ಹೇಳುವ ಉಸಿರು ಕಟ್ಟುವ ತೊಂದರೆಯೇ ಎಂದು ಗುರುತು ಹಚ್ಚಲು ಹೋಗಬಾರದು. ಪ್ರಜ್ಞೆ ತಪ್ಪುವುದು, ಮತ್ತೆ ಬರುವುದು, ಕೈಕಾಲು ಬಡಿಯುವುದು, ನೊರೆ ಬರುವುದು ಎಂಬ ಸ್ಕಂದಾಪಸ್ಮಾರದ ಲಕ್ಷಣಗಳು ಮೂರ್ಛೆರೋಗಕ್ಕೆ ಹೆಚ್ಚು ಹತ್ತಿರ. ಆದರೆ ಗ್ರಹಗಳು ಎಂಥ ಮಕ್ಕಳನ್ನು ಹಿಡಿಯುತ್ತವೆ ಎಂಬ ಸುಶ್ರುತನ ವಿವರಣೆ ಗಮನಾರ್ಹ. ತಾಯಿ ಅಥವಾ ದಾದಿ ಶುಚಿ ತಪ್ಪಿದ್ದು, ಮಂಗಳಾಚಾರ ಬಿಟ್ಟದ್ದು ಒಂದು ಕಾರಣ. ಮಗು ಹೆದರಿದ್ದು, ಗದರಿಸಿಕೊಂಡದ್ದು, ಏಟು ತಿಂದದ್ದು ಇನ್ನೊಂದು. ಹೆದರಿಕೆ, ಗದರಿಕೆ, ನೋವು ಇವು ಇಂದಿಗೂ ವೈದ್ಯರು ಉಸಿರು ಕಟ್ಟುವ ಮಗುವಿನ ತಾಯಿಯನ್ನು ಮೊದಲು ಕೇಳುವ ಪ್ರಶ್ನೆಗಳು. ನೋಡಿದ್ದನ್ನು ಪ್ರಾಚೀನರು ಸರಿಯಾಗಿಯೇ ನೋಡಿದ್ದರು. ಕಾರಣದ ಎಳೆಯನ್ನು ದೇವತೆಯ ಕೈಗೆ ಕೊಟ್ಟರು, ತಪ್ಪಿನ ಭಾರವನ್ನು ತಾಯಿಯ ತಲೆಗೆ ಕಟ್ಟಿದರು. ಈ ಎರಡನೆಯದು ಎಷ್ಟು ದೀರ್ಘಾಯುಷಿ ಎಂಬುದು ಮುಂದೆ ಕಾಣುತ್ತದೆ. ಅದೇ ಪರಂಪರೆಯ ಚರಕ ಸಂಹಿತೆ, ಅಳುವ ಮಗುವನ್ನು ಸುಮ್ಮನಾಗಿಸಲು ರಾಕ್ಷಸ, ಪಿಶಾಚಿ, ಪೂತನಿಯ ಹೆಸರು ಹೇಳಿ ಹೆದರಿಸಬಾರದು ಎಂದು ಸ್ಪಷ್ಟವಾಗಿ ತಡೆಯುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಗ್ರಹದ ಹೆಸರು ಹೇಳಿ ಊಟ ಮಾಡಿಸುವ ಮನೆಗಳಿಗೆ ಆ ಮಾತು ಇನ್ನೂ ತಲುಪಬೇಕಾಗಿದೆ.

ಗ್ರಂಥದಿಂದ ಅಂಗಳಕ್ಕೆ ಇಳಿದರೆ ಬಾಲಗ್ರಹದ ಜಾಗದಲ್ಲಿ ದೃಷ್ಟಿ, ಗಾಳಿ, ಸೋಕು ನಿಲ್ಲುತ್ತವೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು, ಕೆನ್ನೆಗೆ ಕಾಡಿಗೆಯ ಬೊಟ್ಟಿಡುವುದು, ಬಜೆಯ ಬೇರನ್ನು ದಾರಕ್ಕೆ ಪೋಣಿಸಿ ಕೈಗೆ ಕಟ್ಟುವುದು, ತಾಯತ ಹಾಕಿಸುವುದು. ಇವುಗಳಲ್ಲಿ ಬಹುಪಾಲು ಮಗುವಿಗೆ ಏನೂ ಮಾಡುವುದಿಲ್ಲ. ನಡುಗುತ್ತಿರುವ ತಾಯಿಗೆ ಒಂದಿಷ್ಟು ಧೈರ್ಯ ಕೊಡುತ್ತವೆ, ಸುತ್ತ ನಾಲ್ಕು ಜನರನ್ನು ಸೇರಿಸುತ್ತವೆ. ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಧೈರ್ಯ ಸಣ್ಣ ವಸ್ತುವಲ್ಲ, ಅದನ್ನು ಕೊಡುವ ಆಚಾರವನ್ನು ಹಳಿಯಬೇಕಾಗಿಯೂ ಇಲ್ಲ. ಆದರೆ ದೃಷ್ಟಿ ಬಿತ್ತು ಎಂದ ಕೂಡಲೇ ಯಾರ ದೃಷ್ಟಿ ಎಂಬ ಪ್ರಶ್ನೆ ಬರುತ್ತದೆ, ಬೆರಳು ಹೆಚ್ಚಾಗಿ ಮಕ್ಕಳಿಲ್ಲದ ಹೆಣ್ಣಿನ ಕಡೆಗೋ, ಗಂಡನನ್ನು ಕಳೆದುಕೊಂಡವಳ ಕಡೆಗೋ ತಿರುಗುತ್ತದೆ. ಮಗುವಿನ ಒಂದು ನಿಮಿಷದ ಸಂಕಟಕ್ಕೆ ಅವಳು ಬದುಕಿಡೀ ಬೆಲೆ ತೆರುತ್ತಾಳೆ. ಇನ್ನು ಬರೆ ಹಾಕುವ ಪದ್ಧತಿಗೆ ಯಾವ ಸಮಾಧಾನವೂ ಇಲ್ಲ. ಕಾದ ಕಬ್ಬಿಣ, ಕಾದ ಬಳೆ, ಉರಿಯುವ ಊದಿನಕಡ್ಡಿ, ಇವುಗಳಿಂದ ಹಸುಗೂಸಿನ ಹೊಟ್ಟೆಯನ್ನು ಸುಟ್ಟರೆ ಫಿಟ್ಸ್ ನಿಲ್ಲುತ್ತದೆ, ಉಸಿರು ಬಿಡುತ್ತದೆ ಎಂಬ ನಂಬಿಕೆ ನಮ್ಮ ರಾಜ್ಯವೂ ಸೇರಿದಂತೆ ದೇಶದ ಹಲವೆಡೆ ಇನ್ನೂ ಸತ್ತಿಲ್ಲ. ಅದು ಬದುಕಿರುವುದು ಹೇಗೆಂಬುದಕ್ಕೆ ಮೇಲೆ ಹೇಳಿದ್ದೇ ಉತ್ತರ. ಸುಟ್ಟ ಮಗು ಚೀರುತ್ತದೆ, ಚೀರಬೇಕಾದರೆ ಉಸಿರೆಳೆಯಲೇಬೇಕು, ಹತ್ತಿರವಿದ್ದವರು ಬರೆಯೇ ಉಸಿರು ತಂದಿತೆಂದು ಕಣ್ಣಾರೆ ಕಂಡು ನಂಬುತ್ತಾರೆ.

ಇದು ಅಕ್ಷರವಿಲ್ಲದವರ ದೋಷ ಎಂದುಕೊಳ್ಳುವವರು ಯುರೋಪಿನ ಓದುಬಲ್ಲ ವೈದ್ಯರ ಕಥೆಯನ್ನು ಓದಬೇಕು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ನಿಕೊಲಸ್ ಕಲ್ಪೆಪರ್‌ನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಬರಹದಲ್ಲಿ, ಕೋಪ ಅಥವಾ ದುಃಖದಿಂದ ಮಗುವಿನ ಉಸಿರು ತಡೆಯುವುದು, ಆ ಆವೇಗ ಇಳಿದಾಗ ತಡೆಯೂ ಹೋಗುವುದು ಎಂಬ ಅಚ್ಚುಕಟ್ಟಾದ ವಿವರಣೆಯಿದೆ. ಅಲ್ಲಿಗೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಹಲ್ಲು ಮೂಡುವ ಪ್ರಾಯವೂ ಉಸಿರು ಕಟ್ಟುವ ಪ್ರಾಯವೂ ಒಂದೇ ಆದ್ದರಿಂದ ಆರೋಪ ಹಲ್ಲಿನ ಮೇಲೆ ಬಿತ್ತು. ಹಲ್ಲು ಬರುವಾಗ ಜ್ವರ, ಸೆಳವು, ಭೇದಿ ಬರುತ್ತವೆ ಎಂದು ಹಿಪೊಕ್ರೇಟಿಸನ ಸೂತ್ರಗಳಲ್ಲೇ ಇತ್ತು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಅಂಬ್ರಾಜ್ ಪಾರೆ ಒಸಡು ಕೊಯ್ದು ಹಲ್ಲಿಗೆ ದಾರಿ ಮಾಡುವ ಕ್ರಮಕ್ಕೆ ಪ್ರತಿಷ್ಠೆ ತಂದ. ಹದಿನೆಂಟನೆಯ ಶತಮಾನದ ಜಾನ್ ಹಂಟರ್ ಒಂದೇ ಒಸಡನ್ನು ಹತ್ತಕ್ಕಿಂತ ಹೆಚ್ಚು ಸಲ ಕೊಯ್ದದ್ದನ್ನು ತಾನೇ ಬರೆದ. ಹತ್ತೊಂಬತ್ತನೆಯ ಶತಮಾನದ ಮಾರ್ಷಲ್ ಹಾಲ್ ನರಗಳ ಪ್ರತಿವರ್ತನೆಯನ್ನು ಅಧ್ಯಯನ ಮಾಡಿದ ದೊಡ್ಡ ವಿಜ್ಞಾನಿ. ಮಗುವಿನ ಗಂಟಲು ಬಿಗಿದು ಉಸಿರು ನಿಲ್ಲುವುದು ಒಸಡಿನ ನರ ಕೆರಳಿದ್ದರಿಂದ ಎಂದು ನಂಬಿದ್ದ ಆತ, ನೂರ ತೊಂಬತ್ತೊಂಬತ್ತು ಸಲ ಅನಗತ್ಯವಾಗಿ ಕೊಯ್ದರೂ ಸರಿಯೇ, ಬೇಕಾದ ಒಂದು ಸಲ ತಪ್ಪಬಾರದು ಎಂಬ ಅರ್ಥದ ಉಪದೇಶ ಕೊಟ್ಟ. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 5,016 ಸಾವುಗಳಿಗೆ ಹಲ್ಲು ಮೂಡುವುದೇ ಕಾರಣವೆಂದು ಸರ್ಕಾರಿ ದಾಖಲೆಗಳಲ್ಲಿ ಬರೆಯಲಾಯಿತು. ಚಾಕು ಹಿಂದೆ ಸರಿದ ಮೇಲೂ ಪಾದರಸದ ಸಂಯುಕ್ತವಿದ್ದ ಹಲ್ಲಿನ ಪುಡಿಗಳು ಮನೆಮನೆಯಲ್ಲಿ ಉಳಿದವು. ಕೈಕಾಲು ಕೆಂಪೇರಿ ಸುಲಿಯುತ್ತ, ನೋವಿನಿಂದ ನರಳುವ ಮಕ್ಕಳ ಕಾಯಿಲೆಗೆ ಆ ಪಾದರಸವೇ ಕಾರಣವೆಂದು 1940ರ ದಶಕದ ಕೊನೆಯಲ್ಲಿ ಅಮೆರಿಕದ ಜೋಸೆಫ್ ವಾರ್ಕಾನಿ ತೋರಿಸಿಕೊಡುವವರೆಗೆ ಅವು ಅಂಗಡಿಗಳಲ್ಲಿದ್ದವು. ಇದನ್ನೆಲ್ಲ ಓದುವಾಗ ವಾಗ್ಭಟನ ಒಂದು ಮಾತು ನೆನಪಾಗದೆ ಇರದು. ಹಲ್ಲು ಮೂಡುವುದು ಎಲ್ಲ ರೋಗಗಳ ಮೂಲ ಎಂದು ಅವನೂ ನಂಬಿದ್ದ. ಆದರೂ ಹಲ್ಲು ಮೂಡುವಾಗಿನ ತೊಂದರೆಗಳಿಗೆ ಮಗುವನ್ನು ಅತಿಯಾಗಿ ಕಟ್ಟುಪಾಡಿಗೆ ಒಳಪಡಿಸಬಾರದು, ಹಲ್ಲು ಬಂದ ಮೇಲೆ ಅವು ತಾವಾಗಿ ಶಮನವಾಗುತ್ತವೆ ಎಂದು ಅಷ್ಟಾಂಗಹೃದಯದಲ್ಲಿ ಬರೆದ. ಕಾರಣವನ್ನು ತಪ್ಪು ತಿಳಿದೂ ಕೈಯನ್ನು ಹಿಡಿದಿಟ್ಟುಕೊಂಡವನು ಅವನು. ಸುಮಾರು ಸಾವಿರದಿನ್ನೂರು ವರ್ಷಗಳ ನಂತರದ ಲಂಡನ್ನಿಗೆ ಆ ವಿವೇಕ ಇರಲಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಆ ವೈದ್ಯರು ಮೂರ್ಖರಾಗಿರಲಿಲ್ಲ, ಅವರ ಕಣ್ಣ ಮುಂದೆ ಮಕ್ಕಳು ನಿಜಕ್ಕೂ ಸಾಯುತ್ತಿದ್ದರು. ಸುಮ್ಮನಿರಿ ಎಂದು ಅವರಿಗೆ ಹೇಳುವ ಅಧಿಕಾರ ಇಂದಿನ ನಮಗೆ ಎಲ್ಲಿಯದು? ಆಕ್ಷೇಪದ ಅರ್ಧ ಭಾಗ ನಿಜ. 1815ರಲ್ಲಿ ಲಂಡನ್ನಿನ ಜಾನ್ ಕ್ಲಾರ್ಕ್ ವಿವರಿಸಿದ ಉಸಿರು ಬಿಗಿಯುವ ಕಾಯಿಲೆಯಲ್ಲಿ, ಮಗು ಉಸಿರೆಳೆಯುವಾಗ ಕೋಳಿ ಕೂಗಿದಂಥ ಸದ್ದಾಗುತ್ತಿತ್ತು, ಸೆಳವು ಬರುತ್ತಿತ್ತು, ಕೆಲವೊಮ್ಮೆ ಸಾವೂ ಸಂಭವಿಸುತ್ತಿತ್ತು. 1860ರ ದಶಕದಲ್ಲಿ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯ ಇಂಥ ಮಕ್ಕಳಲ್ಲಿ ಬಹುತೇಕ ಎಲ್ಲರಿಗೂ ರಿಕೆಟ್ಸ್ ಇರುವುದನ್ನು ಗಮನಿಸಿದ. ಬಿಸಿಲು ಕಾಣದ ಕೈಗಾರಿಕಾ ನಗರಗಳಲ್ಲಿ ಮೂಳೆ ಮೆದುವಾದ ಮಕ್ಕಳ ರಕ್ತದಲ್ಲಿ ಸುಣ್ಣದಂಶ ಇಳಿದು ಗಂಟಲಿನ ಸ್ನಾಯುಗಳು ಬಿಗಿದುಕೊಳ್ಳುತ್ತಿದ್ದವು ಎಂದು ಇಂದು ನಮಗೆ ಗೊತ್ತು. 1920ರ ದಶಕದಲ್ಲಿ ಡಿ ಜೀವಸತ್ವ ಪತ್ತೆಯಾಗಿ ಕಾಡ್‌ಲಿವರ್ ಎಣ್ಣೆ ಮಕ್ಕಳ ಬಾಯಿಗೆ ಬಿದ್ದ ಮೇಲೆ ಆ ಕಾಯಿಲೆ ಅಲ್ಲಿ ವಿರಳವಾಯಿತು. ಉಳಿದದ್ದು ರಿಕೆಟ್ಸ್ ಇಲ್ಲದ, ಗಟ್ಟಿಮುಟ್ಟಾದ, ಸಿಟ್ಟು ಬಂದಾಗ ಮಾತ್ರ ನೀಲಿಯಾಗುವ ಮಕ್ಕಳು. ಕೊಲ್ಲುವ ಒಂದು ಕಾಯಿಲೆ, ಕೊಲ್ಲದ ಇನ್ನೊಂದು ತೊಂದರೆ ನೂರು ವರ್ಷ ಒಂದೇ ಹೆಸರಿನಡಿ ಬೆರೆತಿದ್ದವು. ಹಾಗಾಗಿ ಅಂದಿನವರ ಭಯಕ್ಕೆ ಕಾರಣವಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಕೊಯ್ದ ಒಸಡಿಗೂ ಬದುಕಿದ ಮಗುವಿಗೂ ಸಂಬಂಧವಿದೆಯೇ ಎಂದು ಕೊಯ್ಯದ ಮಕ್ಕಳ ಜೊತೆಗಿಟ್ಟು ನೋಡುವ ಯೋಚನೆ ಅವರಿಗೆ ಬರಲಿಲ್ಲ. ಬಂದಿದ್ದರೆ ಗೀ ಕಂಡ ಸತ್ಯ ಇನ್ನೂ ಬೇಗ ಕೈಗೆ ಸಿಗುತ್ತಿತ್ತು. ಭಯ ಕ್ಷಮ್ಯ, ಎಣಿಸದೆ ಇದ್ದದ್ದಕ್ಕೆ ಮಾತ್ರ ಮಕ್ಕಳು ಬೆಲೆ ತೆತ್ತರು.

ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಥೈಮಸ್ ಗ್ರಂಥಿಯ ಪ್ರಕರಣದಷ್ಟು ಘೋರ ಉದಾಹರಣೆ ಇನ್ನೊಂದಿಲ್ಲ. ಎದೆಗೂಡಿನ ಮೇಲ್ಭಾಗದಲ್ಲಿರುವ ಈ ಗ್ರಂಥಿ ಮಕ್ಕಳಲ್ಲಿ ಸಹಜವಾಗಿಯೇ ದೊಡ್ಡದು. 1830ರಲ್ಲಿ ಜರ್ಮನಿಯ ಕಾಪ್ ಎಂಬಾತ ಇದು ಶ್ವಾಸನಾಳವನ್ನು ಒತ್ತಿ ಮಕ್ಕಳ ಉಸಿರು ಕಟ್ಟಿಸುತ್ತದೆ ಎಂದ. 1858ರಲ್ಲಿ ಅದೇ ದೇಶದ ಫ್ರೀಡ್ಲೆಬೆನ್ ಅಂಥ ಕಾಯಿಲೆಯೇ ಇಲ್ಲವೆಂದು ವಿವರವಾಗಿ ಖಂಡಿಸಿದ. ಖಂಡನೆ ಮರೆತುಹೋಯಿತು, ಆರೋಪ ಉಳಿಯಿತು. 1889ರಲ್ಲಿ ವಿಯೆನ್ನಾದ ಪಾಲ್ಟಾಫ್, ಥಟ್ಟನೆ ಸತ್ತ ಮಕ್ಕಳ ದೇಹದಲ್ಲಿ ದೊಡ್ಡ ಥೈಮಸ್ ಕಂಡು ಅದಕ್ಕೊಂದು ಹೊಸ ರೋಗನಾಮವನ್ನೇ ಕೊಟ್ಟ. ಶವಪರೀಕ್ಷೆಗೆ ಸಾಮಾನ್ಯವಾಗಿ ಬರುತ್ತಿದ್ದವು ಬಡವರ, ದೀರ್ಘಕಾಲ ಕಾಯಿಲೆಯಿಂದ ಸೊರಗಿ ಸತ್ತವರ ದೇಹಗಳು. ಸೊರಗಿದ ಮೈಯಲ್ಲಿ ಥೈಮಸ್ ಬೇಗ ಕುಗ್ಗಿಹೋಗುತ್ತದೆ. ಕುಗ್ಗಿದ್ದೇ ಸಹಜ ಗಾತ್ರವೆಂದು ಪುಸ್ತಕ ಸೇರಿದ್ದರಿಂದ, ಆರೋಗ್ಯವಾಗಿದ್ದು ಹಠಾತ್ತಾಗಿ ಸತ್ತ ಮಗುವಿನ ಸಹಜ ಗ್ರಂಥಿ ಊದಿಕೊಂಡಂತೆ ಕಂಡಿತು. 1907ರಲ್ಲಿ ಅಮೆರಿಕದ ಸಿನ್ಸಿನಾಟಿಯ ಫ್ರೀಡ್‌ಲ್ಯಾಂಡರ್ ಕ್ಷ-ಕಿರಣದಿಂದ ಥೈಮಸ್ ಕುಗ್ಗಿಸಿದ. ಮುಂದಿನ ನಾಲ್ಕು ದಶಕಗಳಲ್ಲಿ ಅತ್ತು ನೀಲಿಗಟ್ಟುವ, ಉಸಿರು ಬಿಗಿಹಿಡಿಯುವ, ಗೊರಗೊರ ಸದ್ದು ಮಾಡುವ ಸಾವಿರಾರು ಹಸುಳೆಗಳ ಕುತ್ತಿಗೆ ಮತ್ತು ಎದೆಗೆ ಕ್ಷ-ಕಿರಣ ಹಾಯಿಸಲಾಯಿತು. ಕೆಲವೆಡೆ ಮುಂಜಾಗ್ರತೆಯೆಂದು ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ. ಗ್ರಂಥಿ ಕುಗ್ಗಿದ್ದು ಚಿತ್ರದಲ್ಲಿ ಕಾಣುತ್ತಿತ್ತು, ಮಗು ದೊಡ್ಡದಾಗುತ್ತ ಉಸಿರು ಕಟ್ಟುವುದು ನಿಲ್ಲುತ್ತಿತ್ತು, ಚಿಕಿತ್ಸೆ ಫಲಿಸಿತೆಂಬುದಕ್ಕೆ ಇನ್ನೇನು ಬೇಕು? 1931ರಲ್ಲಿ ಬ್ರಿಟನ್ನಿನ ಯಂಗ್ ಮತ್ತು ಟರ್ನ್‌ಬುಲ್ ದೊಡ್ಡ ಸಂಖ್ಯೆಯ ಶವಪರೀಕ್ಷೆಗಳನ್ನು ತೂಗಿ ನೋಡಿ ಅಂಥ ರೋಗಕ್ಕೆ ಆಧಾರವಿಲ್ಲವೆಂದರೂ ಯಂತ್ರಗಳು ನಿಲ್ಲಲಿಲ್ಲ. 1950ರಲ್ಲಿ ನ್ಯೂಯಾರ್ಕಿನ ಡಫಿ ಮತ್ತು ಫಿಟ್ಜ್‌ಜೆರಾಲ್ಡ್, ಥೈರಾಯ್ಡ್ ಕ್ಯಾನ್ಸರ್ ಆದ 28 ಮಕ್ಕಳಲ್ಲಿ ಮೂರನೆಯ ಒಂದರಷ್ಟು ಮಂದಿಗೆ ಶೈಶವದಲ್ಲಿ ಥೈಮಸ್‌ಗೆ ಕಿರಣ ಕೊಟ್ಟದ್ದನ್ನು ಕಂಡರು. ಕಿರಣ ಪಡೆದವರನ್ನು ಅವರ ಒಡಹುಟ್ಟಿದವರ ಜೊತೆ ಹೋಲಿಸಿ ದಶಕಗಳ ಕಾಲ ನಡೆಸಿದ ಮುಂದಿನ ಅಧ್ಯಯನಗಳು ಆ ಅನುಮಾನವನ್ನು ಗಟ್ಟಿ ಮಾಡಿದವು. ಬರೆ ಹಾಕಿದ ಗುರುತು ಕೂಡಲೇ ಕಾಣುತ್ತದೆ. ಇದು ಕಾಣಲು ಹತ್ತು, ಇಪ್ಪತ್ತು, ಮೂವತ್ತು ವರ್ಷ ಹಿಡಿಯಿತು.

ಗ್ರಂಥಿಯ ಮೇಲಿನ ಆರೋಪ ಬಿದ್ದುಹೋಗುವ ಹೊತ್ತಿಗೆ ಸುಶ್ರುತನ ಕಾಲದ ಆರೋಪಿ ಮತ್ತೆ ಕಟಕಟೆಗೆ ಬಂದಳು. ಶಿಸ್ತಿನ ಶಾಸ್ತ್ರ ಮೇಲೆದ್ದಿದ್ದ ಕಾಲ ಅದು. ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ 1928ರ ತನ್ನ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಿಕೊಳ್ಳಬೇಡಿ, ಮುದ್ದಿಸಬೇಡಿ ಎಂದು ತಾಯಂದಿರಿಗೆ ಬೋಧಿಸಿದ. ಅಂಥ ಗಾಳಿಯಲ್ಲಿ ಉಸಿರು ಕಟ್ಟುವುದು ಹಟಮಾರಿ ಮಗುವಿನ ತಂತ್ರವಾಗಿ, ಅತಿಮುದ್ದಿನ ಅಥವಾ ಅತಿ ಆತಂಕದ ತಾಯಿಯ ಫಲವಾಗಿ ಪಠ್ಯಗಳಿಗೆ ಸೇರಿತು. ಚಿಕಿತ್ಸೆ ಎಂದರೆ ಗದರಿಕೆ, ಏಟು, ಮುಖಕ್ಕೆ ತಣ್ಣೀರು. ಇನ್ನೊಂದು ಕಡೆ, ಕೈಕಾಲು ಸೆಟೆಯುವುದನ್ನು ಕಂಡು ಮೂರ್ಛೆರೋಗವೆಂದು ತಿಳಿದವರು ಫಿನೋಬಾರ್ಬಿಟಾಲ್‌ನಂಥ ಮಂಪರು ಮದ್ದುಗಳನ್ನು ತಿಂಗಳುಗಟ್ಟಲೆ ಕೊಟ್ಟರು. ಪ್ರಜ್ಞೆ ತಪ್ಪಿದ ಮಗು ತಂತ್ರ ಹೂಡುತ್ತಿದೆ ಎಂದು ಹೇಳಲು ಎಷ್ಟು ಗಟ್ಟಿ ಎದೆ ಬೇಕು ಎಂದು ಈಗ ಅನಿಸುತ್ತದೆ. ಮನೆಯಲ್ಲಿ ಉಸಿರು ಕಟ್ಟಿದ ಮಗುವನ್ನು ಎತ್ತಿಕೊಂಡು ಓಡಿಬಂದ ತಾಯಿಗೆ ಆಸ್ಪತ್ರೆಯಲ್ಲಿ ಸಿಕ್ಕ ಉತ್ತರ, ತಪ್ಪು ನಿನ್ನದೇ ಎಂಬುದಾಗಿತ್ತು.

ಈ ಸರಣಿ ಮುರಿದದ್ದು ಹೊಸ ಮದ್ದಿನಿಂದಲ್ಲ, ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಬರೆದಿಟ್ಟ ಕೆಲವರಿಂದ. 1943ರಲ್ಲಿ ಅಮೆರಿಕದ ಬ್ರಿಜ್, ಲಿವಿಂಗ್‌ಸ್ಟನ್ ಮತ್ತು ಟೀಟ್ಜ಼ೆ ಇಂಥ ಮಕ್ಕಳ ಪ್ರಕರಣಗಳನ್ನು ಒಟ್ಟುಗೂಡಿಸಿ ಮೂರ್ಛೆರೋಗದೊಂದಿಗೂ ಸಾಧಾರಣ ತಲೆಸುತ್ತಿನೊಂದಿಗೂ ಹೋಲಿಸಿದರು. 1967ರಲ್ಲಿ ಬಾಸ್ಟನ್ನಿನ ಲೊಂಬ್ರೋಸೊ ಮತ್ತು ಲರ್ಮನ್ 225 ಮಕ್ಕಳ ಅಧ್ಯಯನ ಪ್ರಕಟಿಸಿದರು. ನೀಲಿಯ ಬಗೆ, ಬಿಳಿಯ ಬಗೆ ಎಂಬ ಭೇದವನ್ನು ಅವರು ಖಚಿತಪಡಿಸಿದರು. ಕಣ್ಣುಗುಡ್ಡೆಯನ್ನು ಒತ್ತಿದಾಗ ಬಿಳಿಚುವ ಬಗೆಯ ಅನೇಕ ಮಕ್ಕಳ ಹೃದಯ ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ನಿಂತು ಮತ್ತೆ ಬಡಿಯುವುದನ್ನು ದಾಖಲಿಸಿದರು. ವೇಗಸ್ ನರ ಹೃದಯಕ್ಕೆ ಹಾಕುವ ಕಡಿವಾಣ ಕ್ಷಣಕಾಲ ಅತಿಯಾಗುತ್ತದೆ, ಮಿದುಳಿಗೆ ರಕ್ತ ಕಡಿಮೆಯಾಗುತ್ತದೆ, ಮಗು ಕುಸಿಯುತ್ತದೆ. ಇದರಲ್ಲಿ ಮಗುವಿನ ಮನಸ್ಸಿನ ಪಾತ್ರವೇ ಇಲ್ಲ. 1978ರಲ್ಲಿ ಗ್ಲಾಸ್ಗೊದ ಸ್ಟೀಫನ್‌ಸನ್ ಇದನ್ನೇ ಇನ್ನಷ್ಟು ಬೆಳೆಸಿ, ಮೂರ್ಛೆರೋಗದ ಹೆಸರಿನಲ್ಲಿ ಮದ್ದು ನುಂಗುತ್ತಿದ್ದ ಎಷ್ಟೋ ಮಕ್ಕಳಿಗೆ ಆ ರೋಗವೇ ಇಲ್ಲವೆಂದು ತೋರಿಸಿದ. ನೀಲಿಯ ಬಗೆಯ ಒಳಗುಟ್ಟು ಇಷ್ಟು ಸರಳವಾಗಿ ಬಿಚ್ಚಿಕೊಂಡಿಲ್ಲವಾದರೂ ಅದೂ ಉಸಿರು ಹೊರಹೋದ ತುದಿಯಲ್ಲಿ ತಾನಾಗಿ ಆಗುವ ತಡೆಯೇ ಹೊರತು ಮಗು ಬೇಕೆಂದು ಹಿಡಿದ ಉಸಿರಲ್ಲ. ಅಮೆರಿಕದ ಡಿಮಾರಿಯೊ 1990ರ ದಶಕದಲ್ಲಿ ಈ ಮಕ್ಕಳ ನಡವಳಿಕೆಯನ್ನು ಇತರ ಮಕ್ಕಳದರೊಂದಿಗೆ ಹೋಲಿಸಿದಾಗ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಕುಟುಂಬಗಳ ವಂಶಾವಳಿ ತೆಗೆದಾಗ ಪ್ರವೃತ್ತಿ ತಲೆಮಾರುಗಳಲ್ಲಿ ಹರಿದುಬರುವುದು ಕಾಣಿಸಿತು. ತಾಯಿಯ ಮೇಲಿನ ಮೊಕದ್ದಮೆ ವಜಾ ಆಗಲು ಸುಶ್ರುತನಿಂದ ಇಲ್ಲಿಯವರೆಗೆ ಬರಬೇಕಾಯಿತು.

ಹಾಗಾದರೆ ಮನೆಯವರ ವರ್ತನೆಗೂ ಇದಕ್ಕೂ ಸಂಬಂಧವೇ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ದಿಕ್ಕು ಬೇರೆ. ಮಗು ಅತ್ತರೆ ಉಸಿರು ಕಟ್ಟೀತು ಎಂಬ ಹೆದರಿಕೆ ಮನೆಯನ್ನು ಆಳತೊಡಗಿದರೆ ಕೇಳಿದ್ದನ್ನೆಲ್ಲ ಕೊಡುವುದು, ಯಾರೂ ಬೇಡವೆನ್ನದಿರುವುದು, ಅಣ್ಣ ಅಕ್ಕಂದಿರನ್ನು ಗದರಿಸಿ ಸುಮ್ಮನಾಗಿಸುವುದು ಆರಂಭವಾಗುತ್ತದೆ. ಹಟ ಹೀಗೆ ಹುಟ್ಟಬಹುದು. ಅದು ಉಸಿರು ಕಟ್ಟಿದ್ದರ ಪರಿಣಾಮ, ಕಾರಣವಲ್ಲ. ಬಾಣಂತನ ಮುಗಿಸಿ ಬಂದ ಸೊಸೆಗೆ 'ಮುದ್ದು ಹೆಚ್ಚಾಯ್ತು ನೋಡಮ್ಮ' ಎನ್ನುವ ಅತ್ತೆಗೂ, ಮಗುವನ್ನು ಅಳಿಸಲೇಬೇಡ ಎಂದು ತಾಕೀತು ಮಾಡುವ ಮಾವನಿಗೂ ಈ ವ್ಯತ್ಯಾಸ ತಿಳಿದಿದ್ದರೆ ಆ ಮನೆ ಎಷ್ಟೋ ಹಗುರಾಗುತ್ತದೆ. ಬೇರೆ ಮಕ್ಕಳಿಗೆ ಬೇಡವೆನ್ನುವುದನ್ನು ಈ ಮಗುವಿಗೂ ಬೇಡವೆನ್ನಬಹುದು.

ಎಣಿಕೆಯ ಹಾದಿಯಲ್ಲೇ ಒಂದು ನಿಜವಾದ ಮದ್ದೂ ಸಿಕ್ಕಿತು. 1963ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಹೊಲೊವಾಕ್ ಮತ್ತು ಥರ್ಸ್ಟನ್, ಉಸಿರು ಕಟ್ಟುವ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ತೀವ್ರ ರಕ್ತಹೀನತೆಯಿದೆ, ಹೋಲಿಕೆಗೆ ತೆಗೆದುಕೊಂಡ ಇತರ ಮಕ್ಕಳಲ್ಲಿ ಅದು ಎಷ್ಟೋ ಕಡಿಮೆ ಎಂದು ಕಂಡರು. ಬಹುಕಾಲ ಅದನ್ನು ಯಾರೂ ಪರೀಕ್ಷೆಗೆ ಒಡ್ಡಲಿಲ್ಲ. 1997ರಲ್ಲಿ ಜೋರ್ಡಾನಿನ ದಾವೂದ್ ಮತ್ತು ಸಂಗಡಿಗರು 67 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಬ್ಬಿಣಾಂಶದ ಮದ್ದು, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮದ್ದು 16 ವಾರ ಕೊಟ್ಟರು. ಕಬ್ಬಿಣಾಂಶ ಪಡೆದವರಲ್ಲಿ ಸುಮಾರು ಶೇ. 88ರಷ್ಟು ಮಕ್ಕಳಿಗೆ ಉಸಿರು ಕಟ್ಟುವುದು ಪೂರ್ತಿ ನಿಂತಿತು ಅಥವಾ ಸ್ಪಷ್ಟವಾಗಿ ಕಡಿಮೆಯಾಯಿತು. ಹುಸಿಮದ್ದು ಪಡೆದವರಲ್ಲಿ ಸುಮಾರು ಶೇ. 6ರಷ್ಟು ಮಾತ್ರ. ಬಜೆಗೂ ತಾಯತಕ್ಕೂ ಕ್ಷ-ಕಿರಣಕ್ಕೂ ಇಲ್ಲದ ಸಾಕ್ಷಿ ಇಲ್ಲಿರುವುದು ಆ ಎರಡನೆಯ ಗುಂಪಿನಿಂದ. ಕಬ್ಬಿಣಾಂಶವನ್ನೂ ಒಂದೇ ಗುಂಪಿಗೆ ಕೊಟ್ಟು ಸುಮ್ಮನಾಗಿದ್ದರೆ ಅದಕ್ಕೂ ಹಿಂದಿನ ಮದ್ದುಗಳಿಗೂ ಭೇದ ತೋರಿಸಲು ನಮಗೆ ದಾರಿಯೇ ಇರುತ್ತಿರಲಿಲ್ಲ. ಪ್ರಯೋಗಗಳ ಸಂಖ್ಯೆ ಈಗಲೂ ಕಡಿಮೆ. ರಕ್ತಹೀನತೆ ಇರುವ ಮಕ್ಕಳಲ್ಲಿ ಫಲ ಹೆಚ್ಚು ಸ್ಪಷ್ಟ ಎಂಬುದು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2010ರ ಕಾಕ್ರನ್ ವಿಮರ್ಶೆಯೂ ಒಪ್ಪಿದ ಮಾತು.

ಇಲ್ಲಿ ನಮ್ಮವರಿಂದ ಒಂದು ಪ್ರೀತಿಯ ಆಕ್ಷೇಪ ಬರುತ್ತದೆ. ಬಾಣಂತಿಯ ಹಾಸಿಗೆಯಡಿ, ತೊಟ್ಟಿಲ ಬಳಿ ಕುಡುಗೋಲೋ ಕತ್ತಿಯೋ ಇಡುವ ಪದ್ಧತಿ ನಮ್ಮಲ್ಲಿತ್ತಲ್ಲ, ರಕ್ತಹೀನತೆಯನ್ನು ಹೋಲುವ ಪಾಂಡುರೋಗಕ್ಕೆ ಚರಕನೇ ಲೋಹದ ಯೋಗ ಹೇಳಿದ್ದಾನಲ್ಲ, ಕಬ್ಬಿಣದ ಗುಟ್ಟು ಹಿರಿಯರಿಗೆ ಗೊತ್ತಿತ್ತಲ್ಲವೇ ಎಂದು. ಪಾಂಡುವಿಗೆ ಕಬ್ಬಿಣ ಕೊಟ್ಟದ್ದು ನಿಜವಾದ ತಿಳಿವಳಿಕೆ, ಅದನ್ನು ಹೆಮ್ಮೆಯಿಂದಲೇ ಹೇಳಬಹುದು. ಆದರೆ ತೊಟ್ಟಿಲ ಬಳಿಯ ಕಬ್ಬಿಣ ಗಾಳಿ ಸೋಕದಿರಲಿ ಎಂದು ಇಟ್ಟದ್ದು, ಮಗುವಿನ ರಕ್ತಕ್ಕೆ ಅದರಿಂದ ಏನೂ ಸೇರಲಿಲ್ಲ. ಬಿಳಿಚಿದ ಮಗುವಿಗೆ ಲೋಹ ಕೊಡುವ ವೈದ್ಯನೂ ಉಸಿರು ಕಟ್ಟಿದ ಮಗುವಿಗೆ ಗ್ರಹಬಲಿ ಹೇಳುವ ವೈದ್ಯನೂ ಒಬ್ಬನೇ ಆಗಿದ್ದರೂ ಎರಡನ್ನೂ ಜೋಡಿಸಿ ನೋಡಲಿಲ್ಲ. ಹಿರಿಯರಿಗೆ ಸಲ್ಲದ ಕೀರ್ತಿ ಕಟ್ಟುವುದೂ, ಬರೆಗೆ ಉಸಿರಿನ ಕೀರ್ತಿ ಕಟ್ಟಿದಂಥದ್ದೇ ತಪ್ಪು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ಕಡಿಮೆ ಮಾಡಿ ಎಂದು ಹೇಳುತ್ತ ಹೋದರೆ ಅಪಾಯದ ಮಗುವೊಂದು ಕೈತಪ್ಪೀತು. 1957ರಲ್ಲಿ ನಾರ್ವೆಯ ಯರ್ವೆಲ್ ಮತ್ತು ಲಾಂಗೆ-ನೀಲ್ಸನ್, ಹುಟ್ಟುಕಿವುಡರಾದ ಒಂದೇ ಮನೆಯ ಮಕ್ಕಳು ಪದೇ ಪದೇ ಪ್ರಜ್ಞೆ ತಪ್ಪಿ, ಅವರಲ್ಲಿ ಕೆಲವರು ಸತ್ತದ್ದನ್ನು ವರ್ಣಿಸಿದರು. ಹೃದಯದ ವಿದ್ಯುತ್ ಲಯದ ದೋಷ ಅದಕ್ಕೆ ಕಾರಣವಾಗಿತ್ತು. ಕಿವುಡಿಲ್ಲದೆಯೂ ಅಂಥ ದೋಷ ಬರುತ್ತದೆಂದು ಕೆಲವೇ ವರ್ಷಗಳಲ್ಲಿ ಇಟಲಿಯ ರೊಮಾನೊ, ಐರ್ಲೆಂಡಿನ ವಾರ್ಡ್ ತೋರಿಸಿದರು. ಹೊರನೋಟಕ್ಕೆ ಇದು ಬಿಳಿಚಿ ಕುಸಿಯುವ ಮಗುವಿನ ಹಾಗೆಯೇ ಕಾಣಬಹುದು. ಆದ್ದರಿಂದ ಮಗುವಿಗೆ ಏನನ್ನೂ ಮಾಡದಿರುವುದು ಎಂದರೆ ಏನನ್ನೂ ನೋಡದಿರುವುದು ಎಂದಲ್ಲ. ಮೊದಲ ಸಲ ಹೀಗಾದಾಗ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಮಗುವಿಗೆ ಆರು ತಿಂಗಳು ತುಂಬಿಲ್ಲದಿದ್ದರೆ, ಅಳು, ನೋವು, ಬೆದರಿಕೆ ಏನೂ ಇಲ್ಲದೆ ಕುಸಿದರೆ, ಓಡಾಟದ ನಡುವೆ ಕುಸಿದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ ಒಂದು ದಿನವೂ ತಡೆಯಬಾರದು. ನಿಮಿಷ ದಾಟಿದರೂ ಉಸಿರು ಬಾರದಿದ್ದರೆ ಅದು ತುರ್ತು. ಒಂದು ಇಸಿಜಿ ಲಯದ ದೋಷವನ್ನು ಹೆಚ್ಚಿನ ಸಂದರ್ಭಗಳಲ್ಲಿ ಹೊರಗೆಡಹುತ್ತದೆ, ಒಂದು ರಕ್ತಪರೀಕ್ಷೆ ಕಬ್ಬಿಣಾಂಶದ ಕೊರತೆಯನ್ನು ಹೇಳುತ್ತದೆ. ಆ ಒಂದು ನಿಮಿಷದಲ್ಲಿ ಮನೆಯವರು ಮಾಡಬೇಕಾದದ್ದು ಮಗುವನ್ನು ಪಕ್ಕಕ್ಕೆ ಮಲಗಿಸುವುದು, ತಲೆಗೆ ಪೆಟ್ಟಾಗದಂತೆ ನೋಡುವುದು, ಗಡಿಯಾರದ ಮೇಲೆ ಕಣ್ಣಿಡುವುದು. ಅಲ್ಲಾಡಿಸುವುದು, ತಲೆಕೆಳಗು ಮಾಡುವುದು, ಬಾಯಿಗೆ ಬೆರಳು, ನೀರು, ಈರುಳ್ಳಿರಸ ಹಾಕುವುದು ಕೂಡದು. ಉಸಿರು ಮರಳಿದ ಮೇಲೆ ಗದರದೆ ಎತ್ತಿಕೊಂಡರೆ ಸಾಕು.

ಕರ್ನಾಟಕದಲ್ಲಿ ಈ ಕಥೆಗೆ ಇನ್ನೂ ಒಂದು ಅಧ್ಯಾಯ ಬಾಕಿಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ನಮ್ಮ ರಾಜ್ಯದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಅದಕ್ಕೂ ಹಿಂದಿನ ಸುತ್ತಿನಲ್ಲಿ ಇದ್ದದ್ದಕ್ಕಿಂತ ಇದು ಹೆಚ್ಚು. ಉಸಿರು ಕಟ್ಟುವುದೂ ಇದೇ ಪ್ರಾಯದಲ್ಲಿ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಈ ಪ್ರಾಯದ ಪ್ರತಿ ಮಗುವಿಗೂ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ ಕೊಡಬೇಕೆಂದಿದೆ, ಆಶಾ ಕಾರ್ಯಕರ್ತೆಯರ ಮೂಲಕ ಅದು ಮನೆಗೆ ಬರುತ್ತದೆ. ಮಲ ಕಪ್ಪಾಗುತ್ತದೆ, ಹಲ್ಲಿಗೆ ಕಲೆಯಾಗುತ್ತದೆ ಎಂದು ಆ ಬಾಟಲಿಯನ್ನು ಎಷ್ಟೋ ಮನೆಗಳಲ್ಲಿ ಮಾಡಿನ ಮೇಲೆ ಎತ್ತಿಡುತ್ತಾರೆ. ಅದು ತಡೆಯುವ ಮದ್ದು. ಕೊರತೆ ಈಗಾಗಲೇ ಇರುವ ಮಗುವಿಗೆ ತೂಕ ನೋಡಿ ವೈದ್ಯರು ಬರೆದುಕೊಡುವ ಪ್ರಮಾಣ ಬೇರೆ, ಹೆಚ್ಚಾದರೆ ಕಬ್ಬಿಣಾಂಶವೂ ವಿಷವೇ ಆದ್ದರಿಂದ ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಬರೆ ಹಾಕುವವನ ಮನೆಗೆ ದಾರಿ ಹೇಳುವವರು ಊರಲ್ಲಿ ಈಗಲೂ ಸಿಗುತ್ತಾರೆ. ಅತ್ತು ಕಂದಿಹೋಗುವ ಮಗುವಿನ ತಾಯಿಗೆ ಆ ದಾರಿಗಿಂತ ಮೊದಲು ಹಿಮೋಗ್ಲೋಬಿನ್ ಪರೀಕ್ಷೆಯ ಮಾತು ಹೇಳಬೇಕಾದವರು ಸಿರಪ್ಪಿನ ಬಾಟಲಿ ಹಿಡಿದು ಅದೇ ಬೀದಿಯಲ್ಲಿ ಬರುವ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು. ಅವರ ತರಬೇತಿಯಲ್ಲಿ ಈ ಒಂದು ನಿಮಿಷದ ಉಸಿರಿಗೂ ಒಂದು ಪುಟ ಬೇಕು.